ಅಂಕಿತ ಅಂದ್ರೆ ಸಹಿ

ವಚನಗಳು ಈಗ ನಮಗೆ ಹೆಚ್ಚಾಗಿ ಸಿಗೋದು ವಾಟ್ಸಾಪ್ ಸ್ಟೇಟಸ್‌ನಲ್ಲಿ. ಓದ್ತೀವಿ, ಫಾರ್ವರ್ಡ್ ಮಾಡ್ತೀವಿ, ಮುಗೀತು. 1923ರಲ್ಲಿ ಫ.ಗು. ಹಳಕಟ್ಟಿಯವರು ಇವನ್ನು ಅಚ್ಚು ಹಾಕಿಸಿದಾಗ ಪುಸ್ತಕಕ್ಕೆ ಇಟ್ಟ ಹೆಸರು ‘ವಚನ ಶಾಸ್ತ್ರ ಸಾರ’. ಶಾಸ್ತ್ರ ಅಂದಮೇಲೆ ಬರೀ ಮೆಚ್ಚಿ ಮುಂದೆ ಹೋಗೋ ಹಾಗಿಲ್ಲ, ಅದಕ್ಕೆ ಉತ್ತರ ಕೊಡಬೇಕಾಗ್ತದೆ.

ನಮ್ಮ ಹಂಸಭಾವಿ ಇರೋ ಹಾವೇರಿ ಜಿಲ್ಲೆಯಲ್ಲೇ, ತುಂಗಭದ್ರೆಯ ದಂಡೆಗೆ, ಅಂಬಿಗರ ಚೌಡಯ್ಯನ ಚೌಡದಾನಪುರ ಇದೆ. ಬಸವಣ್ಣನ ಅಂಕಿತ ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಚೌಡಯ್ಯನೋ ತನ್ನ ಹೆಸರನ್ನೇ ಅಂಕಿತ ಮಾಡ್ಕೊಂಡ. ಇದನ್ನು ಸೊಕ್ಕು ಅಂತ ಓದಬಹುದು. ನಾನು ಹೊಣೆ ಅಂತ ಓದ್ತೀನಿ. ಅವರ ಮಾತಿಗೆ ದೇವರು ಸಾಕ್ಷಿ. ಡಾಂಭಿಕರನ್ನು ಅಷ್ಟು ಖಾರವಾಗಿ ಬೈದ ಇವನ ಮಾತಿಗೆ ಇವನೇ ಸಾಕ್ಷಿ.

ನಮ್ಮ ಕೆಲಸದಲ್ಲಿ ಕೋಡ್‌ನ ಪ್ರತಿ ಸಾಲಿಗೂ ಬರೆದವರ ಹೆಸರು ಅಂಟಿಕೊಂಡೇ ಇರ್ತದೆ. ಆದ್ರೆ ಮೀಟಿಂಗಿನಲ್ಲಿ ಆಡಿದ ಮಾತಿಗೆ, ಆಡಬೇಕಾದಾಗ ಆಡದೆ ಉಳಿದ ಮೌನಕ್ಕೆ? ಅಲ್ಲಿ ಲೆಕ್ಕ ಇಡೋದು ಒಳಗಿನ ಅರಿವು ಒಂದೇ. ಶರಣರು ಅರಿವಿನ ಪಕ್ಕದಲ್ಲೇ ಆಚಾರವನ್ನು ಕೂರಿಸಿದ್ದು ಸುಮ್ಮನೆ ಅಲ್ಲ.

ವಚನ ಓದಿ ಮನಸ್ಸು ತಂಪಾಯ್ತು ಅನ್ನೋದು ಅರ್ಧ ಓದು. ಅದರ ಕೊನೆಗೆ ಅಂಕಿತದ ಜಾಗದಲ್ಲಿ ನಿಮ್ಮ ಹೆಸರಿಟ್ಟು ಗಟ್ಟಿಯಾಗಿ ಓದಿ ನೋಡ್ರಿ. ಗಂಟಲಲ್ಲಿ ಸಿಕ್ಕಿಕೊಂಡ್ರೆ, ಉಳಿದರ್ಧ ಅಲ್ಲಿಂದ ಶುರು.