ಶಾಸನದಿಂದ ಚಿತ್ರಕಥೆಗೆ: ‘ಮಯೂರ’ವನ್ನು ಕುರಿತು

ಆಳಂದ, ಅಫಜಲಪುರ, ಜೇವರ್ಗಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ತಾಳಗುಂದದ ಶಾಸನವನ್ನು ಓದಿದವರು ವಿರಳ. ಕದಂಬರನ್ನು ಬಲ್ಲವರು ಬಹುಮಟ್ಟಿಗೆ 1975ರ ‘ಮಯೂರ’ ಚಿತ್ರದಿಂದ ಬಲ್ಲವರು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಿರ್ದೇಶಕರು ವಿಜಯ್, ನಾಯಕರು ರಾಜಕುಮಾರ್. ಆದುದರಿಂದ ಇದರ ಕಥಾಸಂವಿಧಾನವನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಶಾಸನವು ಹೇಳುವ ವೃತ್ತಾಂತ ಸರಳವಾದುದು. ಮಾನವ್ಯ ಗೋತ್ರದ ಬ್ರಾಹ್ಮಣ ಕುಲವೊಂದಕ್ಕೆ, ಮನೆಯ ಬಳಿ ಬೆಳೆದ ಕದಂಬ ವೃಕ್ಷದಿಂದ ಹೆಸರು ಬಂದಿತು. ಆ ಕುಲದ ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವ್ಯಾಸಂಗಕ್ಕೆಂದು ಹೋದನು. ಅಲ್ಲಿ ಪಲ್ಲವರ ರಾವುತನೊಬ್ಬನೊಡನೆ ಕಲಹವಾಯಿತೆಂದು ವಿದ್ವಾಂಸರು ಸಾಮಾನ್ಯವಾಗಿ ಅರ್ಥೈಸಿರುವರು. ಅಪಮಾನಿತನಾದ ವಿದ್ಯಾರ್ಥಿಯು ಖಡ್ಗವನ್ನು ಹಿಡಿದು, ಶ್ರೀಪರ್ವತದ ಅರಣ್ಯವನ್ನು ಸೇರಿ, ಕೊನೆಗೆ ಪಲ್ಲವರಿಂದಲೇ ಮನ್ನಣೆಯನ್ನು ಪಡೆದನು.

ಚಿತ್ರದಲ್ಲಾದರೋ ಈತನು ಬ್ರಾಹ್ಮಣನ ಮನೆಯಲ್ಲಿ ಬೆಳೆದ ರಾಜಪುತ್ರ. ಪಲ್ಲವರು ಅಪಹರಿಸಿದ ತಂದೆಯ ರಾಜ್ಯವನ್ನು ಮರಳಿ ಪಡೆಯುವವನು. ಪ್ರೇಕ್ಷಕನಿಗೆ ಇದು ಪರಿಚಿತ ಕಥೆ. ಇದರಿಂದ ಚಿತ್ರಕ್ಕೆ ಬಿಗಿಯೂ ಓಟವೂ ಒದಗಿರುವುದು ನಿರ್ವಿವಾದ. ಆದರೆ ಶಾಸನದ ತಿರುಳೇ ಇಲ್ಲಿ ತಲೆಕೆಳಗಾಗಿದೆ. ಅಲ್ಲಿ ರಾಜ್ಯವು ಪೌರುಷದಿಂದ ಗಳಿಸಿದುದು. ಇಲ್ಲಿ ಜನ್ಮದಿಂದ ಬಂದುದು. ಕುಬ್ಜಕವಿಯು ಸುಮಾರು ನೂರು ವರ್ಷಗಳ ಅನಂತರ, ಮಯೂರಶರ್ಮನ ವಂಶಜನಾದ ಶಾಂತಿವರ್ಮನ ಆಶ್ರಯದಲ್ಲಿ ಬರೆದವನು. ಮೂಲಪುರುಷನಿಗೆ ರಾಜಪಿತೃವೊಬ್ಬನನ್ನು ಕಲ್ಪಿಸಲು ಆತನಿಗೆ ಸಕಲ ಕಾರಣಗಳೂ ಇದ್ದುವು; ಆದರೂ ಕಲ್ಪಿಸಲಿಲ್ಲ. ಆಸ್ಥಾನಕವಿಯು ತೋರಿದ ಸಂಯಮವನ್ನು ಚಿತ್ರಕಥೆಯು ತೋರದಿರುವುದು ಶೋಚನೀಯ.

ಕವಿಸ್ವಾತಂತ್ರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಸಂಭಾಷಣೆ, ಪ್ರಣಯ, ಉಡುಗೆತೊಡುಗೆಗಳಲ್ಲಿ ಶಾಸನವು ಮೌನವಾಗಿರುವೆಡೆ ಕಲ್ಪನೆಯು ಮಾತನಾಡಲಿ. ಶಾಸನವೇ ಮಾತನಾಡಿರುವೆಡೆ, ಅದೂ ಕಥೆಯ ಅರ್ಥವೆಲ್ಲ ನಿಂತಿರುವ ಸಂಗತಿಯಲ್ಲಿ, ಅದರ ಬಾಯನ್ನು ಮುಚ್ಚಿಸುವುದು ಸಲ್ಲದು.

ಈ ವಿವೇಕವು ನಮ್ಮ ಕಲಬುರಗಿ ಸೀಮೆಗೂ ಬೇಕಾದುದು. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಹಸನನು ಗಂಗು ಎಂಬ ಬ್ರಾಹ್ಮಣನ ಸೇವಕನಾಗಿದ್ದನೆಂದು ಫಿರಿಸ್ತಾ ಬರೆದನು. ಆಸ್ಥಾನದ ಪರಂಪರೆಯು ಅವನನ್ನು ಇರಾನಿನ ಬಹಮನನ ವಂಶಕ್ಕೆ ಸೇರಿಸಿತು. ನಾಳೆ ಈತನನ್ನು ಕುರಿತು ಚಿತ್ರಕಥೆಯನ್ನು ಬರೆಯುವವರು, ಎರಡರಲ್ಲಿ ರುಚಿಸಿದುದನ್ನು ಆರಿಸಿಕೊಳ್ಳುವ ಬದಲು, ಒಬ್ಬನೇ ಅರಸನಿಗೆ ಎರಡು ಹುಟ್ಟುಗಳು ಏಕೆ ಬೇಕಾದುವೆಂಬುದನ್ನೇ ಕಥೆಯಾಗಿಸಬಹುದು. ಅಂತಹ ಚಿತ್ರವು ವಿದ್ಯಾರ್ಥಿಯನ್ನು ಆಕರಗಳ ಕಡೆಗೆ ಕರೆದೊಯ್ಯುವುದು. ಅಧ್ಯಾಪಕನು ಅದರೊಡನೆ ಹೋರಾಡಬೇಕಾಗುವುದಿಲ್ಲ.