ಕೋಲು ಹಿಡಿಯುವ ಮೊದಲು

ಮೊಣಕಾಲು ಹಿಡಿದ ಮೇಲೆ ಗೋಳಗುಮ್ಮಟ ಹತ್ತುವುದು ನಿಂತೇಹೋಯಿತು. ಮೂಲೆಯ ಗೋಪುರದ ಏಳು ಅಂತಸ್ತು ಏರಿ, ಪಿಸುಮಾತಿನ ಗ್ಯಾಲರಿಯ ಗೋಡೆಗೆ ಕಿವಿಯಿಟ್ಟು ಆಚೆ ಬದಿಯ ಗೆಳತಿಯ ಮಾತು ಕೇಳಿದ ಕಾಲುಗಳು ಇವೇ ಏನು? ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ದಿನವಿಡೀ ಓಡಾಡಿದ್ದೂ ಇವೇ. ಈ ದುಃಖ ಯಾರಿಗೆ ಹೇಳಿಕೊಂಡರೂ ‘ವಯಸ್ಸಾತಲ್ರೀ’ ಎಂದುಬಿಡುತ್ತಾರೆ. ಹಾಗೆನ್ನದೆ ನನ್ನ ಜೊತೆ ಕೂತದ್ದು ಬಸವಣ್ಣನವರ ಮುಪ್ಪಿನ ವಚನ.

ಬೇಗ ಪೂಜಿಸು, ಹೊತ್ತು ಮೀರುತ್ತದೆ ಎಂಬ ಎಚ್ಚರಿಕೆಯಾಗಿ ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ. ಈಗ ಅದರ ನೋಟ ಮನಸ್ಸನ್ನು ಹಿಡಿಯುತ್ತದೆ. ಕೂದಲು ಬೆಳ್ಳಗಾಗುವುದು, ಗಲ್ಲ ಸುಕ್ಕುಗಟ್ಟುವುದು, ಹಲ್ಲು ಬೀಳುವುದು, ಬೆನ್ನು ಬಾಗುವುದು, ಯಾವುದನ್ನೂ ಅವರು ಮುಚ್ಚಿಡುವುದಿಲ್ಲ. ಆಮೇಲೆ ತೊಡೆಗೆ ಕೈಯೂರಿ ಏಳುವ ಮುದಿ ಮೈ ಬರುತ್ತದೆ. ಕುರ್ಚಿಯಿಂದ ನಾನು ಏಳುವುದು ಹಾಗೆಯೇ! ಹನ್ನೆರಡನೆಯ ಶತಮಾನದಲ್ಲೇ ಇದನ್ನು ಇಷ್ಟು ಹತ್ತಿರದಿಂದ ಕಂಡವರಿದ್ದರು. ಬಾಗಿದ ಬೆನ್ನಿಗೂ ಕೈಗೆ ಬರುವ ಕೋಲಿಗೂ ನಡುವೆ ಅವರು ಇನ್ನೊಂದನ್ನು ಇಟ್ಟಿದ್ದಾರೆ: ಪರರ ಹಂಗು. ನೋವಿಗಿಂತ ಹೆಚ್ಚು ನನ್ನನ್ನು ಅಳಿಸಿದ್ದು ಅದೇ, ನೀರಿನ ತಂಬಿಗೆಗೂ ಇನ್ನೊಬ್ಬರನ್ನು ಕೂಗಬೇಕಾದದ್ದು. ಅದನ್ನೂ ಮೈಯ ಬೇನೆಗಳ ಸಾಲಿನಲ್ಲೇ ಸೇರಿಸಿದ ಕವಿ ನನಗೆ ಬಲು ಹತ್ತಿರದವರು.

ಈ ಮಾತುಗಳು ನಮಗೆ ಸಿಕ್ಕಿದ್ದರಲ್ಲಿ ಗೋಳಗುಮ್ಮಟದ ಇದೇ ಊರಿನ ಋಣವಿದೆ. ಇಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳ ತಾಡೋಲೆಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. ಆ ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದವರು.

ಬಸವಣ್ಣನವರ ಇನ್ನೊಂದು ವಚನ ಮೈಯನ್ನೇ ಗುಡಿಯೆನ್ನುತ್ತದೆ, ಕಾಲುಗಳು ಅದರ ಕಂಬ. ಎಷ್ಟು ಚೆಂದದ ಕಲ್ಪನೆ! ಆದರೆ ಕೊನೆಯಲ್ಲಿ ಅದು ಚಲಿಸುವುದನ್ನು ಹೊಗಳುತ್ತದೆ. ಅಲುಗಾಡಲಾಗದ ದಿನ ಆ ಹೊಗಳಿಕೆ ಚುಚ್ಚುತ್ತದೆ, ಪುಟ ತಿರುವಿ ಮುಪ್ಪಿನ ವಚನಕ್ಕೆ ಮರಳುತ್ತೇನೆ. ಸಾವೊಂದನ್ನು ಬಿಟ್ಟರೆ ಅದರಲ್ಲಿ ಹೇಳಿದ ಗಡುವುಗಳೆಲ್ಲ ನನ್ನ ಪಾಲಿಗೆ ದಾಟಿಹೋಗಿವೆ. ಆದರೂ ಅದು ನನ್ನನ್ನು ಹೊರಗಿಡುವುದಿಲ್ಲ. ದಾಟಿದ ಮೇಲೆ ಓದಿದರೆ, ನನಗೆ ಏನಾಗಿದೆ ಎಂದು ತಿಳಿದವರೊಬ್ಬರು ಮೊದಲೇ ಇದ್ದರೆಂಬ ಧೈರ್ಯ ಬರುತ್ತದೆ.

ಕಣ್ಣು ದಣಿದಾಗ ಬಬಲೇಶ್ವರದಿಂದ ಬಂದ ಅಕ್ಕನ ಮಗಳು ಓದಿ ಹೇಳುತ್ತಾಳೆ. ‘ಚಿಗವ್ವಾ, ಇದು ಬರೇ ದುಃಖದ್ದು. ಬ್ಯಾರೇದು ಓದ್ಲೇನು?’

‘ಬ್ಯಾಡವ್ವಾ, ಇದನ್ನ ಇನ್ನೊಮ್ಮೆ ಓದು. ಹಂಗಿನ ಮಾತು ಬಂದಲ್ಲಿ ಸಾವಕಾಶ ಓದು’ ಎನ್ನುತ್ತೇನೆ.