ಇಎನ್ 24ಕ್ಕೆ ತಪ್ಪು ಜಾಗ

ಬೆಂಗಳೂರಿನ ರಾಜಗೋಪಾಲನಗರದ ಅಡ್ಡರಸ್ತೆಗಳಲ್ಲಿ ಒಂದು ಮಾತು ಬಲವಾಗಿ ಬೇರೂರಿದೆ. ಆಫ್‌ರೋಡ್ ಹುಚ್ಚಿನ ಹುಡುಗನೊಬ್ಬ ತನ್ನ ಜಿಮ್ನಿ ಗಾಡಿಗೆ ಸ್ಪ್ರಿಂಗ್ ಎತ್ತರಿಸಿಕೊಂಡು, ಆಕ್ಸಲನ್ನು ಚಾಸಿಗೆ ಜೋಡಿಸುವ, ಉದ್ದ ಹೊಂದಿಸಬಹುದಾದ ಸಸ್ಪೆನ್ಷನ್ ಆರ್ಮು ಮಾಡಿಸಲು ಲೇತ್ ಶಾಪಿಗೆ ಬರುತ್ತಾನೆ. ಗಾಡಿಯ ಎತ್ತರ ಬದಲಾದರೆ ಅಡ್ಡಲಾಗಿ ಕೂರುವ ಪ್ಯಾನ್‌ಹಾರ್ಡ್ ರಾಡು ಆಕ್ಸಲನ್ನು ಒಂದು ಬದಿಗೆ ಎಳೆಯುತ್ತದೆ, ಮುಂದಿನ ಚಕ್ರದ ಕ್ಯಾಸ್ಟರ್ ಕೋನವೂ ಕಡಿಮೆಯಾಗುತ್ತದೆ. ಹಾಗಾಗಿ ಅವನ ಅಗತ್ಯ ನಿಜವೇ. ‘ಅಣ್ಣ, ಯಾವ ಮೆಟೀರಿಯಲ್ ಹಾಕೋಣ?’ ಎನ್ನುತ್ತಾನೆ. ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಇಎನ್ 24 ಹಾಕ್ಸಿ ಸಾರ್, ಲೈಫ್‌ಟೈಮ್. ಎಂಎಸ್ ಎಲ್ಲ ಗೇಟು, ಗ್ರಿಲ್ಲಿಗೆ.’

ಎಂಎಸ್ ಎಂದರೆ ಸಾದಾ ಮೈಲ್ಡ್ ಸ್ಟೀಲ್, ಇಎನ್ 24 ಎಂದರೆ ಬಲವಾದ ಮಿಶ್ರಲೋಹದ ಉಕ್ಕು. ಶಾಪಿನ ಈ ಉತ್ತರ ತಪ್ಪು ಎನ್ನುವುದು ನನ್ನ ವಾದ. ಆದರೆ ಇದು ಅಜ್ಞಾನದಿಂದ ಹುಟ್ಟಿದ ತಪ್ಪಲ್ಲ. ಒಳ್ಳೆಯ ಪಾಠವೊಂದು ತನ್ನದಲ್ಲದ ಮನೆಗೆ ಹೋಗಿ ಕೂತಿದ್ದರಿಂದ ಆದದ್ದು.

ಆ ಪಾಠ ಹುಟ್ಟಿದ್ದು ಹೀಗೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾಯಿತು. ತುಮಕೂರು ರಸ್ತೆಯ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ 1962ರದು. ಆಮೇಲೆ ಪೀಣ್ಯ ಬೆಳೆಯಿತು, ಅದರ ಅಂಚಿನಲ್ಲಿ ರಾಜಗೋಪಾಲನಗರ, ಹೆಗ್ಗನಹಳ್ಳಿ, ಲಗ್ಗೆರೆಗಳ ಸಣ್ಣ ಶೆಡ್ಡುಗಳು ತುಂಬಿದವು. ಈ ಸೀಮೆಯ ಕೈಗಳು ಬೆಳೆದದ್ದು ಶಾಫ್ಟು, ಗೇರು, ಪಿನ್ನು, ಸ್ಪಿಂಡಲ್‌ಗಳ ಮೇಲೆ. ಅಲ್ಲಿ ಇಎನ್ 24 ರಾಜನೇ ಸರಿ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ, ಸುಮಾರು ಶೇಕಡಾ 0.4 ಇಂಗಾಲದ ಉಕ್ಕು ಅದು. ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ತಿರುಚಿದರೂ ಜಗ್ಗುವುದಿಲ್ಲ. ಆದರೆ ಶಾಫ್ಟಿಗೂ ಗೇರಿಗೂ ಯಾರೂ ವೆಲ್ಡಿಂಗ್ ಹೊಡೆಯುವುದಿಲ್ಲ. ಆರ್ಮಿಗೆ ಎರಡೂ ತುದಿಯಲ್ಲಿ ಹೊಡೆಯುತ್ತಾರೆ. ಇಡೀ ತಕರಾರು ಇರುವುದು ಇಲ್ಲಿ.

ಮೊದಲು ಬಲದ ಲೆಕ್ಕ ನೋಡೋಣ. ಪಿಯುಸಿ ಭೌತಶಾಸ್ತ್ರದಲ್ಲಿ ಯಂಗ್‌ನ ಗುಣಾಂಕ ಓದಿರುತ್ತೇವೆ. ಗೇಟಿನ ಎಂಎಸ್ ಆಗಲಿ, ದುಬಾರಿ ಇಎನ್ 24 ಆಗಲಿ, ಉಕ್ಕಿಗೆ ಅದು ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪ್ಯಾಸ್ಕಲ್. ಅಂದರೆ ಗ್ರೇಡು ಬದಲಿಸಿದ ಮಾತ್ರಕ್ಕೆ ಆರ್ಮು ಬಳುಕುವುದು ಕಡಿಮೆಯಾಗದು. ಬಳುಕು ತಗ್ಗಿಸುವುದು ಆಕಾರ.

ಒಂದೂಕಾಲು ಇಂಚಿನದೆಂದು ಕರೆಯುವ ಷೆಡ್ಯೂಲ್ 80 ಸೀಮ್‌ಲೆಸ್ ಪೈಪು ತೆಗೆದುಕೊಳ್ಳಿ. ಹೊರವ್ಯಾಸ 42.2 ಮಿ.ಮೀ., ದಪ್ಪ 4.85 ಮಿ.ಮೀ., ಮೀಟರಿಗೆ ಸುಮಾರು ನಾಲ್ಕೂವರೆ ಕೆ.ಜಿ. ಅಷ್ಟೇ ತೂಕದ ಗಟ್ಟಿ ದಂಡಿನ ವ್ಯಾಸ 27 ಮಿ.ಮೀ. ಮಾತ್ರ. ಎರಡನ್ನೂ 600 ಮಿ.ಮೀ. ಅಂತರದ ಎರಡು ಆಸರೆಯ ಮೇಲಿಟ್ಟು ನಡುವೆ ಭಾರ ಹೇರಿ. ಆರ್ಮಿನ ಹೊಟ್ಟೆಗೆ ಬಂಡೆ ಬಡಿದಾಗ ಆಗುವುದೂ ಇದೇ. ಸಾಧಾರಣ ಪೈಪು ಸುಮಾರು 780 ಕೆ.ಜಿ.ಯವರೆಗೆ ಶಾಶ್ವತವಾಗಿ ಬಾಗದೆ ತಡೆಯುತ್ತದೆ. ದಂಡು ಎಂಎಸ್ ಆಗಿದ್ದರೆ 330ಕ್ಕೇ ಕೈಚೆಲ್ಲುತ್ತದೆ. ಅದೇ ದಂಡು ಹೀಟ್ ಟ್ರೀಟ್‌ಮೆಂಟ್ ಆದ ಇಎನ್ 24 ಆಗಿದ್ದರೆ ಸುಮಾರು 880. ಮೂರು ಪಟ್ಟು ಹತ್ತಿರ ಬಲವಿರುವ ಉಕ್ಕು ತಂದು, ಟ್ರೀಟ್‌ಮೆಂಟಿಗೆ ದುಡ್ಡು ಕೊಟ್ಟು, ಗಳಿಸಿದ್ದು ನೂರು ಕೆ.ಜಿ. ಮಾತ್ರ. ಇಷ್ಟಾಗಿಯೂ ಆ ದಂಡು ಪೈಪಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬಳುಕುತ್ತದೆ. ಟೊಳ್ಳು ಎಂದರೆ ಸೋಗು ಎನ್ನುವುದು ಮನುಷ್ಯರಿಗೆ ಸರಿ ಇರಬಹುದು, ಆರ್ಮಿಗಲ್ಲ.

ಇನ್ನು ವೆಲ್ಡಿನ ಮಾತು. ಇಎನ್ 24ರ ಇಂಗಾಲ ಸಮಾನಾಂಕ (ವೆಲ್ಡಿನಲ್ಲಿ ಉಕ್ಕು ಎಷ್ಟು ಪೆಡಸಾಗಬಹುದೆಂಬ ಅಳತೆ) ಸುಮಾರು 0.9. ಅದು 0.45 ದಾಟಿದರೇ ಎಚ್ಚರ ಬೇಕೆನ್ನುತ್ತಾರೆ. ವೆಲ್ಡ್ ಮಾಡುವ ಮೊದಲು ಲೋಹವನ್ನು 300 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕು, ಒಣಗಿಸಿದ ಕಡಿಮೆ ಹೈಡ್ರೋಜನ್ ರಾಡು ಬೇಕು, ಆಮೇಲೆ ನಿಧಾನವಾಗಿ ತಣಿಸಿ ಮತ್ತೆ ಹದಗೊಳಿಸಬೇಕು. ಶೆಡ್ಡಿನ ಮೂಲೆಯಲ್ಲಿ ಪ್ಯಾಕೆಟ್ ಹರಿದು ಬಿದ್ದಿರುವ 6013 ವೆಲ್ಡಿಂಗ್ ರಾಡಿನಿಂದ ಹೊಡೆದರೆ ಏನಾಗುತ್ತದೆ? ವೆಲ್ಡಿನ ಅಂಚು ಗಾಜಿನಂತೆ ಪೆಡಸಾಗುತ್ತದೆ, ಅದರೊಳಗೆ ಹೈಡ್ರೋಜನ್ ಸಿಕ್ಕಿಕೊಳ್ಳುತ್ತದೆ. ಬಿರುಕು ಆಗಲೇ ಕಾಣಬೇಕೆಂದಿಲ್ಲ. ಎಷ್ಟೋ ಗಂಟೆಗಳ ನಂತರ ಬಿಡಬಹುದು. ಹೆಚ್ಚು ಬಲದ ಉಕ್ಕುಗಳ ವೆಲ್ಡನ್ನು 48 ಗಂಟೆ ಕಾದು ಪರೀಕ್ಷಿಸುವ ರೂಢಿ ಇರುವುದು ಇದಕ್ಕೇ. ಸಂಜೆ ಪೇಂಟು ಬಳಿದು ಕೊಟ್ಟ ಆರ್ಮು ಶಾಪಿನಿಂದ ಹೊರಡುವಾಗ ಚೊಕ್ಕವಾಗಿಯೇ ಇರುತ್ತದೆ. ಬಿರುಕು ಬಿಡುವುದು ಪೇಂಟಿನ ಕೆಳಗೆ.

ಎಂಎಸ್ ಆರ್ಮು ಸೋತರೆ ಬಾಗುತ್ತದೆ, ಸ್ಟೀರಿಂಗ್ ಸೊಟ್ಟಗಾಗಿ ಹೇಳಿ ತೋರಿಸುತ್ತದೆ. ಪೆಡಸಾದ ವೆಲ್ಡ್ ಸೋತರೆ ತುಂಡಾಗುತ್ತದೆ. ಆಫ್‌ರೋಡಿನಲ್ಲಿ ನಡಿಗೆಯ ವೇಗದಲ್ಲಿ ತುಂಡಾದರೆ ನಗಾಡಿ ಎಳೆದು ತರಬಹುದು. ಅಲ್ಲಿ ಹುಟ್ಟಿದ ಬಿರುಕು ಮನೆಗೆ ಮರಳುವಾಗ ನೆಲಮಂಗಲದ ಹೆದ್ದಾರಿಯಲ್ಲಿ ಬಾಯಿ ತೆರೆದರೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿಯುತ್ತದೆ. ಆಗ ‘ಲೈಫ್‌ಟೈಮ್’ ಎಂಬ ಮಾತಿಗೆ ಬೇರೆಯೇ ಅರ್ಥ ಬರುತ್ತದೆ.

ಎಂಎಸ್ ಬೈಯುವವರ ಮಾತಿನಲ್ಲೂ ಹುರುಳಿದೆ. ಅವರು ನೋಡಿರುವ ಎಂಎಸ್ ಯಾವುದು? ಎರಡು ಮಿ.ಮೀ. ದಪ್ಪದ, ಸರ್ಟಿಫಿಕೇಟಿಲ್ಲದ, ಹೊಲಿಗೆ ಬಿಟ್ಟುಕೊಳ್ಳುವ ಫರ್ನಿಚರ್ ಪೈಪು. ಅದನ್ನು ಆರ್ಮಿಗೆ ಹಾಕಿದವರು ಪಾಠ ಕಲಿತೇ ಕಲಿತಿರುತ್ತಾರೆ. ಆದರೆ ಆ ಪಾಠ ಹೇಳುವುದು ತೆಳು ಪೈಪು ಬೇಡ ಎಂದೇ ಹೊರತು ಎಂಎಸ್ ಬೇಡ ಎಂದಲ್ಲ. ಎ 106 ಗ್ರೇಡ್ ಬಿ ಸೀಮ್‌ಲೆಸ್ ಅಥವಾ ವಾಹನಗಳಿಗೆಂದೇ ಇರುವ ಐಎಸ್ 3074ರ ಕೋಲ್ಡ್ ಡ್ರಾನ್ ಪೈಪನ್ನು ಟೆಸ್ಟ್ ಸರ್ಟಿಫಿಕೇಟಿನ ಸಮೇತ ಕೇಳಬೇಕು. ರೇಸ್ ಗಾಡಿಗಳ 4130 ಕ್ರೋಮ್-ಮಾಲಿ ಪೈಪು ಇನ್ನೂ ಬಲದ್ದು, ವೆಲ್ಡಿಗೂ ಒಗ್ಗುತ್ತದೆ. ಅಸಲಿ ಮಾಲೂ ಟಿಗ್ ವೆಲ್ಡಿಂಗಿನಲ್ಲಿ ಪಳಗಿದ ಕೈಯೂ ಸಿಕ್ಕರೆ ನನ್ನ ತಕರಾರಿಲ್ಲ. ಅಲ್ಯೂಮಿನಿಯಂ ಬೇಡ: ಅದರ 6061 ಗ್ರೇಡು ವೆಲ್ಡಿನ ಬಳಿ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಸ್ಟೇನ್‌ಲೆಸ್ ಸಹ ಬೇಡ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಥ್ರೆಡ್ ಕಚ್ಚಿಕೊಂಡು ಜಾಮ್ ಆದರೆ, ಹೊಂದಿಸಲೆಂದು ಮಾಡಿಸಿದ ಆರ್ಮು ಹೊಂದಿಕೆಗೇ ಬಾರದು.

ಹಾಗಾದರೆ ಇಎನ್ 24ಕ್ಕೆ ಇಲ್ಲಿ ಜಾಗವೇ ಇಲ್ಲವೇ? ಇದೆ. ಆರ್ಮಿನ ನಿಜವಾದ ಸಣ್ಣ ಸೊಂಟ ಉದ್ದ ಹೊಂದಿಸುವ ಥ್ರೆಡ್. ಎಂ24 ಥ್ರೆಡ್ಡಿನ ಬುಡದ ವ್ಯಾಸ 2 ಮಿ.ಮೀ. ಪಿಚ್ಚಿನಲ್ಲಿ ಸುಮಾರು 21.5 ಮಿ.ಮೀ. ಉಕ್ಕು ಒಂದೇ ಆದರೆ, ಬಾಗುವ ಹೊಡೆತ ತಾಳುವ ಶಕ್ತಿ ಅಲ್ಲಿ ಆ ಪೈಪಿನ ಐದನೇ ಒಂದು ಭಾಗ. ಉದ್ದ ಹೆಚ್ಚಿಸಲೆಂದು ಥ್ರೆಡ್ಡನ್ನು ಹೊರಗೆ ಬಿಚ್ಚಿದಷ್ಟೂ ಹೊಡೆತ ಹೆಚ್ಚು. ಈ ಥ್ರೆಡ್ ದಂಡಿಗೆ ವೆಲ್ಡಿಲ್ಲ, ಹೀಟ್ ಟ್ರೀಟ್‌ಮೆಂಟ್ ಹಾಗೇ ಉಳಿಯುತ್ತದೆ. ಇಎನ್ 24 ಅಥವಾ ಅದೇ ಬಗೆಯ ಇಎನ್ 19 ಬೇಕಾದದ್ದು ಇಲ್ಲಿ. ಆದರೆ ಈ ದಂಡಿಗೆ ಅಂಗಡಿಯಲ್ಲಿ ಸಿಕ್ಕ ಸ್ಟಡ್ ತುಂಡನ್ನೇ ಹಾಕಿ, ನಡುವಿನ ದಂಡಿಗೆ ಇಎನ್ 24 ಹಾಕುವುದನ್ನು ಕಾಣುತ್ತೇವೆ. ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ.

ಥ್ರೆಡ್ ಕೂರುವ ಬುಶ್ಶಿನಲ್ಲಿ ಇನ್ನೊಂದು ಬಲೆಯಿದೆ. ಟರ್ನರ್‌ಗಳಿಗೆ ಇಎನ್ 1ಎ ಪ್ರೀತಿ. ಬೆಣ್ಣೆಯಂತೆ ಕತ್ತರಿಸುತ್ತದೆ, ಚಿಪ್ಪು ಪುಡಿಪುಡಿಯಾಗಿ ಉದುರುತ್ತದೆ. ಆ ಸಲೀಸು ಬರುವುದು ಗಂಧಕದಿಂದ. ಅದೇ ಗಂಧಕ ವೆಲ್ಡಿನಲ್ಲಿ ಬಿಸಿ ಬಿರುಕು ತರುತ್ತದೆ. ಪೈಪಿಗೆ ವೆಲ್ಡ್ ಆಗುವ ಬುಶ್ಶು ಸಾದಾ, ಕಡಿಮೆ ಇಂಗಾಲದ ಉಕ್ಕಿನದಾಗಿರಲಿ. ಥ್ರೆಡ್ ಅದರೊಳಗೆ ವ್ಯಾಸದ ಒಂದೂವರೆ ಪಟ್ಟಾದರೂ ಕಚ್ಚಿರಲಿ. ಚೆಕ್ ನಟ್ ಬಿಗಿಯಾಗಿರಲಿ. ಅದು ಸಡಿಲವಾದರೆ ಯಾವ ಗ್ರೇಡಿನ ಥ್ರೆಡ್ಡೂ ಪ್ರತಿ ಗುಂಡಿಗೂ ಏಟು ತಿಂದು ಸವೆಯುತ್ತದೆ.

ರಬ್ಬರನ್ನೂ ಮೆಟೀರಿಯಲ್ ಎಂದೇ ಎಣಿಸಬೇಕು. ‘ರಬ್ಬರ್ ಬುಶ್ ಕಿತ್ತು ರಾಡ್ ಎಂಡ್ ಹಾಕಿ, ಸ್ಟ್ರಾಂಗ್ ಆಗುತ್ತೆ’ ಎನ್ನುವುದು ಇನ್ನೊಂದು ರೂಢಿಮಾತು. ರಾಡ್ ಎಂಡ್ ಎಂದರೆ ಲೋಹದ ಗೋಲಿ ಕೀಲು. ಜಿಮ್ನಿಯ ಮುಂದಿನ ಆರ್ಮು ಆಕ್ಸಲ್ಲಿಗೆ ಎರಡು ಬುಶ್ಶಿನಲ್ಲಿ ಕೂರುತ್ತದೆ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಆ ತಿರುಚನ್ನು ನುಂಗುವುದು ರಬ್ಬರ್ ಮಾತ್ರ. ಅದನ್ನು ಗಟ್ಟಿ ಮಾಡಿದರೆ ತಿರುಚು ಮಾಯವಾಗದು. ಬ್ರಾಕೆಟ್ಟಿಗೆ, ಅಲ್ಲಿಂದ ಆಕ್ಸಲ್ ಹೌಸಿಂಗಿಗೆ ದಾಟುತ್ತದೆ. ಆರ್ಮು ಬದಲಿಸಲು ಒಂದು ಮಧ್ಯಾಹ್ನ ಸಾಕು, ಹೌಸಿಂಗ್ ಸೀಳಿದರೆ ಸಾಲದು.

ಕಾನೂನನ್ನೂ ಬದಿಗಿಡಲಾಗದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ ಎನ್ನುತ್ತದೆ. ಹಾಗಾಗಿ ನಾನು ಹೇಳುತ್ತಿರುವುದೆಲ್ಲ ಖಾಸಗಿ ಜಾಗದಲ್ಲಿ ಓಡುವ, ಟ್ರಕ್ಕಿನ ಮೇಲೆ ಹೋಗಿಬರುವ ಗಾಡಿಗೆ. ಅದೇ ಗಾಡಿಯಲ್ಲಿ ಸೋಮವಾರ ಆಫೀಸಿಗೆ ಹೋಗುವವರು ಮೆಟೀರಿಯಲ್ ಆರಿಸುವ ಮೊದಲು ಈ ಕಲಮನ್ನು ಓದಲಿ.

ಉಳಿದವರಿಗೆ ಒಂದು ಸೂಚನೆ. ಶಾಪಿಗೆ ಹೋಗುವಾಗ ಗ್ರೇಡಿನ ಹೆಸರು ಬಾಯಲ್ಲಿಟ್ಟುಕೊಂಡು ಹೋಗಬೇಡಿ, ಆರ್ಮಿನ ಚಿತ್ರ ಬರೆದುಕೊಂಡು ಹೋಗಿ. ವೆಲ್ಡ್ ಬೀಳುವ ಜಾಗಕ್ಕೆಲ್ಲ ಕೆಂಪು ಗೆರೆ ಹಾಕಿ. ಕೆಂಪು ಮುಟ್ಟಿದ ತುಂಡೆಲ್ಲ ಮೆದು ಉಕ್ಕು, ಕೆಂಪು ಮುಟ್ಟದ ಥ್ರೆಡ್ ದಂಡು ಗಟ್ಟಿ ಉಕ್ಕು. ಆ ಕಾಗದ ಎದುರಿಗಿಟ್ಟರೆ ‘ಇಎನ್ 24 ಹಾಕ್ಸಿ ಸಾರ್’ ಎನ್ನುವವರೂ ‘ಎಲ್ಲಿಗೆ ಹಾಕಬೇಕು ಸಾರ್?’ ಎಂದು ಕೇಳಬೇಕಾಗುತ್ತದೆ.